ವಸಂತಮ್ಮನವರ ಬೀಗದ ಕೈ ಗೊಂಚಲು

ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಜನ ಆಂಬುಲೆನ್ಸ್‌ಗಿಂತ ಮೊದಲು ನಮ್ಮ ಓನರ್ ವಸಂತಮ್ಮನವರನ್ನು ಕರೆಯುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದ ಹೆಂಗಸು. ಅಷ್ಟೂ ಮನೆಗಳ ಬೀಗದ ಕೈಗಳು ಅವರ ಸೊಂಟದಲ್ಲೇ ಇರುತ್ತಿದ್ದವು. ಆ ಗೊಂಚಲನ್ನು ಬಿದ್ದವರ ಮುಷ್ಟಿಗೆ ತುರುಕಿ ಅದುಮಿ ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುತ್ತಿತ್ತು. ಎಲ್ಲರೂ ಕಬ್ಬಿಣಕ್ಕೆ ಕೈಮುಗಿಯುತ್ತಿದ್ದರು.

ಫಿಟ್ಸ್ ಹೆಚ್ಚಾಗಿ ತಾನಾಗಿಯೇ ನಿಲ್ಲುತ್ತದೆ ಅಂತ ಪೀಣ್ಯದ ನಮ್ಮ ಕಾರ್ಖಾನೆಗೆ ಬಂದಿದ್ದ ಡಾಕ್ಟರು ಹೇಳಿದ್ದರು. ಅದನ್ನೇ ವಸಂತಮ್ಮನವರಿಗೆ ಹೇಳಿದೆ. ಸುಮ್ಮನಿರಲಾರದೆ, ನಿಮ್ಮ ಗೊಂಚಲಿನಲ್ಲಿ ಮುಕ್ಕಾಲು ಪಾಲು ಹಿತ್ತಾಳೆ ಅಂತಲೂ ಸೇರಿಸಿದೆ. ಮಾರನೆಯ ಬೆಳಿಗ್ಗೆ ನಮ್ಮ ಮನೆಗೆ ಮಾತ್ರ ನೀರು ಬರಲಿಲ್ಲ. ನಾವೇನು ಮಹಾ ಬುದ್ಧಿವಂತರಲ್ಲ ಬಿಡಿ. ನಮ್ಮ ರಾಯಚೂರಿನ ಕಡೆ ಫಿಟ್ಸ್ ಬಂದವರ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ.

ಬೀದಿಯವರದ್ದು ಹಾಳಾಗಲಿ, ಅವರ ಸೊಸೆ ಮಾಲಾಗೇ ಫಿಟ್ಸ್ ಇತ್ತು. ಡಾಕ್ಟರು ಕೊಟ್ಟ ಮಾತ್ರೆಯಲ್ಲಿ ಆರಾಮಾಗಿದ್ದ ಹುಡುಗಿ. ಮಾತ್ರೆ ಉಷ್ಣ, ಮನೆಯಲ್ಲೇ ಗೊಂಚಲಿರುವಾಗ ಅದೆಲ್ಲ ಯಾಕೆ ಅಂತ ಅತ್ತೆ ಬಿಡಿಸಿಬಿಟ್ಟರು. ಆಮೇಲೆ ಮಾಲಾ ಒಲೆ ಮುಂದೆ ಬಿದ್ದು ಮೊಣಕೈ ಸುಟ್ಟುಕೊಂಡಳು. ಮುಂದಿನ ಸಲ ಎಲ್ಲಿ ಬೀಳುತ್ತಾಳೋ ಅಂತ ನನಗೆ ಭಯ, ಅದಕ್ಕಿಂತ ಹೆಚ್ಚು ಸಿಟ್ಟು. ಗಂಡ ಶಶಿಕುಮಾರನನ್ನು ಕೇಳಿದರೆ, ಅಮ್ಮನ ಹತ್ತಿರ ಯಾರು ಮಾತಾಡೋದು ಗುರು ಅಂದ.

ಆ ಮಹಾಶಯ ಧೈರ್ಯ ತೋರಿಸಿದ್ದು ಬೇರೆ ವಿಷಯದಲ್ಲಿ. ಅಮ್ಮ ಮಾಕಳಿ ಊರಿಗೆ ಮದುವೆಗೆ ಹೋದಾಗ ಎಲ್ಲ ಬಾಗಿಲಿಗೂ ನಂಬರ್ ಒತ್ತುವ ಬೀಗ ಹಾಕಿಸಿದ. ಅವರು ಬಂದ ಮೇಲೆ ಗೊಂಚಲನ್ನು ಇಸಿದುಕೊಂಡು ಗುಜರಿಗೆ ಹಾಕಿದ. ವಸಂತಮ್ಮನವರು ಊಟ ಬಿಟ್ಟರು, ಸಂಜೆಗೆ ಮಾಡಿದರು.

ಮುಂದಿನ ಭಾನುವಾರ ಟೆರೇಸಿನಲ್ಲಿ ನಾನು ಬಟ್ಟೆ ಒಣಗಹಾಕುತ್ತಿದ್ದೆ. ಅತ್ತೆ ಸೊಸೆ ಹಪ್ಪಳ ಹರವುತ್ತಿದ್ದರು. ಮಾಲಾ ದಬಕ್ಕನೆ ಬಿದ್ದಳು. ವಸಂತಮ್ಮನವರ ಕೈ ಸೊಂಟಕ್ಕೆ ಹೋಯಿತು, ಅಲ್ಲಿ ಬರೀ ಸೀರೆ.

"ಅಮರೇಸಪ್ಪ, ಕಬ್ಬಿಣ ತಾರಪ್ಪ," ಎಂದು ನನ್ನನ್ನು ಅಂಗಲಾಚಿದರು.

ಬಕೆಟ್ಟು ಪ್ಲಾಸ್ಟಿಕ್ಕು, ಹಗ್ಗ ನೈಲಾನು, ನನ್ನ ಕೈಯಲ್ಲಿ ಒದ್ದೆ ಬನಿಯನ್ನು. ಕೂಗಳತೆಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ಇಟ್ಟುಕೊಂಡು ನಮಗೆ ಒಂದು ಮೊಳೆ ಸಿಗಲಿಲ್ಲ. ಮಾಲಾಳನ್ನು ಮಗ್ಗುಲಿಗೆ ಹೊರಳಿಸಿ ತಲೆ ಕೆಳಗೆ ಟವೆಲ್ ಇಟ್ಟೆ. ಹಿಡಿಯಬೇಡಿ, ಸುಮ್ಮನೆ ನೋಡಿ ಅಂದೆ. ವಸಂತಮ್ಮನವರು ನೋಡಿದರು. ನಡುಕ ಕಡಿಮೆಯಾಯಿತು, ನಿಂತಿತು. ಮಾಲಾಳ ಎರಡೂ ಅಂಗೈ ಖಾಲಿ ಬಿದ್ದಿದ್ದವು. ಆ ಕೈಗಳನ್ನು ಅವರು ಬಹಳ ಹೊತ್ತು ನೋಡುತ್ತಾ ಕುಳಿತರು.

"ಆಟೋ ಕರಿಯಪ್ಪ," ಎಂದರು ಕೊನೆಗೆ. ಮಾಲಾಳ ಹಳೆಯ ಚೀಟಿ ಹುಡುಕಿಕೊಂಡು ಆಸ್ಪತ್ರೆಗೆ ಹೊರಟೆವು.

ಡಾಕ್ಟರಮ್ಮ ಹಳೆಯ ಚೀಟಿ ನೋಡಿ, ಮಾತ್ರೆ ಯಾಕೆ ನಿಲ್ಲಿಸಿದಿರಿ, ಜೀವಕ್ಕೇ ಅಪಾಯ ಆಗುತ್ತಿತ್ತಲ್ಲ ಅಂತ ರೇಗಿದರು. ಮಾಲಾ ತಲೆ ತಗ್ಗಿಸಿ, ಮರೆತುಬಿಟ್ಟೆ ಮೇಡಂ ಅಂದಳು.

ವಸಂತಮ್ಮನವರು ಎದ್ದು ನಿಂತರು.

"ಅವಳಿಗೆ ಮರೆವಿಲ್ಲ ಕಣವ್ವ. ಬಿಡಿಸ್ದೋಳು ನಾನು. ಬೈಯೋದೇನಿದ್ರೂ ನಂಗೆ ಬಯ್ಯಿ."