ಸಿಯೋನಿ ಅಕ್ಕ ಬರೆದ ಎರಡು ಹೆಸರು

ಇನ್ನೂ ಬೆಳಕು ಹರಿದಿಲ್ಲ. ಸಿಯೋನಿ ಅಕ್ಕ ಆಗಲೇ ಸಮಾಧಿಯೊಂದರ ಮುಂದೆ ಮಂಡಿಯೂರಿದ್ದಾರೆ. ಮೂಗಿಗೆ ಹಳೆಯ ಬನಿಯನ್ನಿನ ತುಂಡು ಕಟ್ಟಿದ್ದಾರೆ, ಕೈಯಲ್ಲಿ ಬಣ್ಣ ಕೆರೆಯುವ ತಗಡು, ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ. ನಾಳೆ ನವೆಂಬರ್ ಒಂದು. ಬಿಕೋಲ್ ಪ್ರಾಂತ್ಯದ ಕಡಲತೀರದ ಈ ಊರಿನ ಮಂದಿಯೆಲ್ಲ ಮೇಣದಬತ್ತಿ, ಹೂವು, ಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಹೊತ್ತು ತಮ್ಮ ತೀರಿಹೋದವರ ಬಳಿ ಬಂದು ಕೂರುತ್ತಾರೆ. ಅಷ್ಟರೊಳಗೆ ಮಾಸಿದ ಹೆಸರುಗಳೆಲ್ಲ ಹೊಸದಾಗಬೇಕು.

ಈ ಸಮಾಧಿ ಮೀನುಗಾರ ಎಲ್ಪಿದಿಯೊನದು. ಪ್ರತಿ ವರ್ಷ ಹಳೆಯದರ ಮೇಲೆಯೇ ಬಣ್ಣ ಬಳಿದು ಬಳಿದು ಪದರ ಉಬ್ಬಿ ನಿಂತಿದೆ. ಈ ಸಲ ಸಿಮೆಂಟು ಕಾಣುವವರೆಗೂ ಕೆರೆಯುತ್ತಾರೆ. ತಗಡು ಎಲ್ಲೋ ಸಿಕ್ಕಿಕೊಳ್ಳುತ್ತದೆ. ಬೆರಳಾಡಿಸಿದರೆ ಗೀರುಗಳು. ಹಸಿ ಸಿಮೆಂಟಿನ ಮೇಲೆ ಯಾರೋ ಮೊಳೆಯಿಂದ ಬರೆದದ್ದು. ಟಾರ್ಚು ಹಿಡಿದು ಓದುತ್ತಾರೆ: ಅಮ್ಮ.

ತಗಡು ಕೈಜಾರಿ ಬೀಳುತ್ತದೆ.

"ಎಲ್ಪಿದಿಯೊ ಯಾರಿಗೆ ಅಮ್ಮ ಆಗ್ತಾನೆ ಹೇಳಿ?" ಎಂದು ಅವರು ಈಗ ನೆನೆಯುತ್ತಾರೆ. "ಇನ್ನೊಂದ್ಸಲ ಓದಿದೆ. ಅದೇ ಇತ್ತು."

ಪ್ರೆಸೆಂತಾಸಿಯೋನ್ ಬೊನಾಗ್ವಾ ಎಂಬ ಅವರ ಪೂರ್ತಿ ಹೆಸರು ಊರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ವಯಸ್ಸು ಐವತ್ತೆಂಟು. ಅಪ್ಪ ದೋಣಿಗಳಿಗೆ ಹೆಸರು ಬರೆಯುತ್ತಿದ್ದರು, ಕುಂಚ ಅವರಿಂದ ಬಂದದ್ದು. ಮೂವತ್ತೊಂದು ವರ್ಷದಿಂದ ಸಮಾಧಿಗಳಿಗೆ ಬರೆಯುತ್ತಿದ್ದಾರೆ. ಅಕ್ಟೋಬರಿನ ಕೊನೆಯ ಹತ್ತು ದಿನ ದಿನಕ್ಕೆ ಇಪ್ಪತ್ತೈದು ಸಮಾಧಿ. ಸಂಜೆಗೆ ಮಂಡಿ ಊದಿಕೊಳ್ಳುತ್ತದೆ, ತಿನ್ನುವ ಅನ್ನಕ್ಕೂ ಟರ್ಪೆಂಟೈನ್ ವಾಸನೆ.

ಎಂಟು ವರ್ಷದ ಹಿಂದೆ ಬಂದ ಚಂಡಮಾರುತ ಇಡೀ ಸ್ಮಶಾನವನ್ನು ಕೆಸರಿನಲ್ಲಿ ಹೂತುಹಾಕಿತ್ತು. ಕೆಸರು ತೆಗೆದಾಗ ಬಣ್ಣದಲ್ಲಿ ಬರೆದ ಒಂದು ಹೆಸರೂ ಉಳಿದಿರಲಿಲ್ಲ, ಗೀರುಗಳಲ್ಲೂ ಕೆಸರು ತುಂಬಿ ಎಲ್ಲ ಸಮಾಧಿಗಳೂ ಒಂದೇ ತರ. ಸತ್ತವರನ್ನು ದಾಖಲಿಸುವ, ನೀರಲ್ಲಿ ನೆನೆದ ಚರ್ಚಿನ ಪುಸ್ತಕ ಮತ್ತು ತಮ್ಮ ನೆನಪು, ಇವೆರಡನ್ನೇ ನಂಬಿ ಸಿಯೋನಿ ಅಕ್ಕ ಇನ್ನೂರ ಹದಿನಾಲ್ಕು ಹೆಸರು ಬರೆದರು. ಹೆಸರು ಎಲ್ಲಿತ್ತೋ ಅಲ್ಲಿ ಜನ ಮಂಡಿಯೂರಿದರು.

ಎಲ್ಪಿದಿಯೊನ ಪಕ್ಕದ್ದು ಪ್ಲಾಸಿದಾ ಟೀಚರ್ ಸಮಾಧಿ, ಆ ಸಾಲಿನಲ್ಲಿರುವ ತಾಯಿ ಅವರೊಬ್ಬರೇ. ಅದನ್ನೂ ಕೆರೆದು ನೋಡುತ್ತಾರೆ. ಬೋಳು ಸಿಮೆಂಟು. ಅನುಮಾನಕ್ಕೆ ಜಾಗವೇ ಇಲ್ಲ, ಎರಡು ಹೆಸರು ಅದಲುಬದಲಾಗಿವೆ.

ಮೇಲೊಂದು ಪದರ ಬಳಿದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಕುಂಚ ಅದ್ದಿದ್ದೆ ಕೂಡ," ಎಂದು ಒಪ್ಪಿಕೊಳ್ಳುತ್ತಾರೆ. "ಹೇಳಿದ್ರೆ ನಾಳೆಯಿಂದ ಯಾರು ನನ್ನ ಕೈಗೆ ಅವರ ಅಪ್ಪ ಅಮ್ಮನ ಹೆಸರು ಕೊಡ್ತಾರೆ? ಈ ಕೈ ಬಿಟ್ರೆ ನನಗೇನಿದೆ?" ಆದರೂ ಎರಡನ್ನೂ ಬರೆಯದೆ ಹಾಗೇ ಬಿಡುತ್ತಾರೆ.

ಮಾರನೇ ದಿನ ಬೆಳಿಗ್ಗೆ ಮೊದಲು ಬರುವುದು ಎಲ್ಪಿದಿಯೊನ ಹೆಂಡತಿ, ಎಪ್ಪತ್ತಾರರ ಹೊನೊರಾತಾ ಅಜ್ಜಿ. ಕಂಕುಳಲ್ಲಿ ಗಂಡನಿಗೆ ಇಷ್ಟವಾದ ಜಿನ್ ಬಾಟಲಿ.

"ಏನೇ ಸಿಯೋನಿ, ನನ್ನ ಗಂಡನ ಹೆಸರನ್ನೇ ನುಂಗಿ ನೀರು ಕುಡಿದೆಯಾ?"

ಹಿಂದೆಯೇ ಟೀಚರ್ ಮಗ ಡೆಲ್ಫಿನ್, ತೋಳಲ್ಲಿ ಬಿಳಿ ಹೂವು. ಅವನ ಕಣ್ಣು ಗೀರುಗಳ ಮೇಲೆ ಬೀಳುತ್ತದೆ. ಹೂವು ನೆಲಕ್ಕೆ.

"ಇದು ನಾನೇ ಗೀಚಿದ್ದು. ಮಣ್ಣು ಮಾಡಿದ ದಿನ... ಇದು ಇಲ್ಲಿ ಹೇಗೆ ಬಂತು?"

"ತಪ್ಪು ಬರೆದವಳು ನಾನು ಡೆಲ್ಫಿನ್. ನಿಮ್ಮಮ್ಮ ಇಲ್ಲಿದ್ದಾರೆ. ಎಲ್ಪಿದಿಯೊ ಅಣ್ಣ ಅಲ್ಲಿ."

"ಎಂಟು ವರ್ಷ ಅಕ್ಕಾ! ಎಂಟು ವರ್ಷ ನಾನು ಯಾರ ಮುಂದೆ ಕೂತು ಅತ್ತೆ?"

ಸುತ್ತಲಿನ ಕುಟುಂಬಗಳ ಹರಟೆ ನಿಂತುಹೋಗುತ್ತದೆ.

"ಹಾಗಾದ್ರೆ ನನ್ನ ಜಿನ್ನೆಲ್ಲ ಟೀಚರಮ್ಮನಿಗೆ ಹೋಯ್ತಾ?" ಎನ್ನುತ್ತಾಳೆ ಅಜ್ಜಿ. "ಸಾರಾಯಿ ವಾಸನೆಗೇ ಮೂಗು ಮುಚ್ಚೋಳಿಗೆ?" ಯಾರೋ ಕಿಸಕ್ಕೆಂದು ನಗುತ್ತಾರೆ. ಅಜ್ಜಿ ನಗುವುದಿಲ್ಲ. ಸಮಾಧಿಯ ಅಂಚಿಗೆ ಕುಸಿದು ಕೂರುತ್ತಾಳೆ.

"ಹೋದ ವರ್ಷ ಇಲ್ಲೇ ಕೂತು ಅವನಿಗೆ ಹೇಳಿದ್ದೆ, ಆ ಇನ್ನೊಬ್ಬಳ ವಿಷಯ ಮನಸ್ಸಿಂದ ತೆಗೆದುಹಾಕಿದೀನಿ, ನಿನ್ನ ಮೇಲೆ ಸಿಟ್ಟಿಲ್ಲ ಅಂತ. ಆ ಮಾತು ಬಾಯಿಗೆ ಬರೋಕೆ ಹತ್ತು ವರ್ಷ ಬೇಕಾಯ್ತು. ಅವನಿಗೆ ಕೇಳಿಸಲೇ ಇಲ್ಲವಲ್ಲೇ ಸಿಯೋನಿ."

ಸಿಯೋನಿ ಅಕ್ಕ ಮುಖ ಮುಚ್ಚಿಕೊಳ್ಳುತ್ತಾರೆ. ಆಗ ಡೆಲ್ಫಿನ್ ಬಗ್ಗಿ ಹೂವುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾನೆ.

"ನಮ್ಮಮ್ಮ ಕೇಳಿಸ್ಕೊಂಡಿರ್ತಾಳೆ ಅಜ್ಜಿ. ಅವಳ ಕಿವಿಗೆ ಬಿದ್ದ ಮಾತು ಪಕ್ಕದವರಿಗೆ ಮುಟ್ಟದೆ ಇದ್ದದ್ದುಂಟಾ? ಸ್ಕೂಲಲ್ಲಿ ನಾನೇನು ಮಾಡಿದ್ರೂ ನಾನು ಬರೋ ಮೊದಲೇ ಮನೆಗೆ ಸುದ್ದಿ ಬಂದಿರ್ತಿತ್ತು."

ಅಜ್ಜಿ ಬಾಟಲಿ ಎತ್ತಿಕೊಂಡು ಪಕ್ಕದ ಸಮಾಧಿಗೆ ದಾಟುತ್ತಾಳೆ. "ಆದ್ರೂ ನಾನೇ ಇನ್ನೊಂದ್ಸಲ ಹೇಳ್ತೀನಿ. ಟೀಚರಮ್ಮ ಬೈಗುಳ ಸೇರಿಸಿ ಹೇಳಿದ್ರೆ? ಸಿಯೋನಿ, ಹೆಸರು ಬರಿ. ನನ್ನ ಕಣ್ಣೆದುರಿಗೇ ಬರಿ."

ಸಿಯೋನಿ ಅಕ್ಕ ಕುಂಚ ಅದ್ದುತ್ತಾರೆ. ಡೆಲ್ಫಿನ್ ಡಬ್ಬಿ ಹಿಡಿದು ನಿಲ್ಲುತ್ತಾನೆ. ಬರೆದು ಮುಗಿಸಿ ತಿರುಗಿದಾಗ ಸಾಲು ಸಾಲು ಸಮಾಧಿಗಳ ಮುಂದೆ ಜನ ಎದ್ದು ನಿಂತಿದ್ದಾರೆ. ಮೇಣದಬತ್ತಿ ಕೈಯಲ್ಲೇ ಇದೆ. ಎಲ್ಲರೂ ತಮ್ಮ ತಮ್ಮವರ ಹೆಸರುಗಳನ್ನೇ ನೋಡುತ್ತಿದ್ದಾರೆ.

ನವೆಂಬರ್ ಮೂರರ ಬೆಳಗಿನ ಜಾವ. ಸ್ಮಶಾನದ ಬಾಗಿಲ ಬಳಿಯ ಮೊದಲ ಸಮಾಧಿಯಿಂದ ತಗಡಿನ ಸದ್ದು ಕೇಳುತ್ತದೆ. ಚಂಡಮಾರುತದ ನಂತರ ಬರೆದ ಹೆಸರುಗಳಲ್ಲಿ ಇನ್ನೂ ಇನ್ನೂರ ಹನ್ನೆರಡು ಉಳಿದಿವೆ. ಮನೆಮನೆಗೆ ಹೋಗಿ ಕೇಳಿ, ಕೆರೆದು, ನೋಡಿಯೇ ಬರೆಯುವುದೆಂದು ಸಿಯೋನಿ ಅಕ್ಕ ತೀರ್ಮಾನಿಸಿದ್ದಾರೆ. ಕೆಲವರು ಬಾಗಿಲು ಹಾಕಿಕೊಂಡಿದ್ದೂ ಆಗಿದೆ.

"ಹಾಕಿಕೊಳ್ಳಲಿ, ಮತ್ತೆ ತಟ್ತೀನಿ," ಎನ್ನುತ್ತಾರೆ ಸಿಯೋನಿ ಅಕ್ಕ, ಸಿಮೆಂಟಿನ ಪುಡಿಯನ್ನು ಊದುತ್ತಾ. "ನಾನು ಇಲ್ಲಿಗೆ ಬಂದು ಮಲಗೋದ್ರೊಳಗೆ ಎಲ್ಲರೂ ಅವರವರ ಹೆಸರಿನ ಕೆಳಗೇ ಇದ್ದುಬಿಡಲಿ. ನನ್ನದನ್ನ ಮಾತ್ರ ಬಣ್ಣದಲ್ಲಿ ಬರೀಬೇಡಿ. ಸಿಮೆಂಟು ಹಸಿ ಇರುವಾಗಲೇ ಮೊಳೆಯಲ್ಲಿ ಗೀಚಿಬಿಡಿ."