ಕಾಶಿಯಲ್ಲಿ ಅಜ್ಜಿ ಬಿಟ್ಟು ಬಂದದ್ದು

ಕಾದ ಫರ್ಸಿಯ ಮೇಲೆ ತಣ್ಣೀರು ಬಿದ್ದಾಗ ಏಳುವ ವಾಸನೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತದೆ. ಮೊದಲ ಮಳೆಗೆ ಮಣ್ಣು ಬಿಡುವ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಈ ಶಹಾಬಾದ ಕಲ್ಲಿನ ಚಪ್ಪಡಿಯ ವಾಸನೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದರಲ್ಲಿ ಒಂದಿಷ್ಟು ಸುಣ್ಣವಿದೆ, ಒಂದಿಷ್ಟು ಧೂಳಿದೆ, ಆರಿದ ಒಲೆಯ ಬೂದಿಯ ಒಂದು ಎಳೆಯೂ ಇದೆ. ಹೋದ ವಾರ ಕಲಬುರಗಿಯ ನಮ್ಮ ಓಣಿಯಲ್ಲಿ ಎದುರುಮನೆಯವರು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳಕ್ಕೆ ಒಂದು ಬಕೀಟು ನೀರು ಚೆಲ್ಲಿದರು. ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಹಾಗೇ ಬಿಟ್ಟು ಬಾಗಿಲಿಗೆ ಬಂದು ನಿಂತೆ. ಯಾರೋ ಕಾಶಿಯಿಂದ ಬಂದರು ಎಂದು ನನ್ನ ಮೈಗೆ ಅನಿಸಿಬಿಟ್ಟಿತ್ತು. ಬಂದವರು ಯಾರೂ ಇರಲಿಲ್ಲ, ನೀರು ಚೆಲ್ಲಿದ ಹೆಂಗಸು ನನ್ನನ್ನು ನೋಡಿ ಊಟ ಆಯ್ತಾ ಎಂದು ಕೇಳಿ ಒಳಗೆ ಹೋದಳು.

ನಾನು ಚಿಕ್ಕವಳಿದ್ದಾಗ ನಮ್ಮ ಬಾಡಿಗೆ ಮನೆ ವಾಡಿಯಲ್ಲಿ ಸ್ಟೇಷನ್ನಿನ ಹಿಂದೆ ಇತ್ತು. ಗೋಡೆಯೂ ಫರ್ಸಿ, ನೆಲವೂ ಫರ್ಸಿ, ಮಾಡಿನ ಮೇಲೂ ಫರ್ಸಿ. ಬೇಸಿಗೆಯಲ್ಲಿ ಒಳಗೆ ಕೂತರೆ ನಾವೇ ಬೇಯುತ್ತಿದ್ದೆವು. ಅಪ್ಪ ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಆ ಕಡೆಯ ಊರುಗಳಲ್ಲೆಲ್ಲ ಮಾಸ್ತರಿಕೆ ಮಾಡಿ ಕೊನೆಗೆ ವಾಡಿಯಲ್ಲಿ ನಿಂತವರು. ಹೀಗಾಗಿ ಆ ಊರುಗಳಿಂದ ಕಾಶಿಗೆ ಹೊರಟವರು ಉತ್ತರದ ಗಾಡಿ ಹಿಡಿಯಲು ವಾಡಿಗೆ ಬಂದರೆ ನಮ್ಮ ಮನೆಯಲ್ಲೇ ಗಂಟು ಇಳಿಸುತ್ತಿದ್ದರು. ಬೀಗರು, ಬೀಗರ ಬೀಗರು, ಅಪ್ಪನ ಕೈಯಲ್ಲಿ ಕಲಿತ ಹುಡುಗರ ತಾಯಿತಂದೆ, ಯಾರಾದರೂ ಸರಿ. ಹೋಗುವಾಗ ಅವರಿಗೆ ಅಜ್ಜಿ ಜೋಳದ ಭಕ್ರಿ, ಶೇಂಗಾ ಹಿಂಡಿ, ಎರಡು ದಿನ ಕೆಡದ ಹಾಗೆ ಹುರಿದ ಪುಂಡಿಪಲ್ಯ ಕಟ್ಟಿಕೊಡುತ್ತಿದ್ದಳು. ಬರುವಾಗ ಅವರನ್ನು ಹೊಸ್ತಿಲಾಚೆಯ ಚಪ್ಪಡಿಯ ಮೇಲೆ ನಿಲ್ಲಿಸಿ ತಾನೇ ಕಾಲು ತೊಳೆಯುತ್ತಿದ್ದಳು. ಕಾಶಿಗೆ ಹೋಗಿ ಬಂದವರ ಕಾಲಲ್ಲಿ ಗಂಗೆ ಇರುತ್ತಾಳೆ, ಅವಳನ್ನು ಒಣಗಲು ಬಿಡಬಾರದು ಎನ್ನುವುದು ಅಜ್ಜಿಯ ಮಾತು. ನಾನು ತಂಬಿಗೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಅಜ್ಜಿ ಎಂದರೆ ಅಪ್ಪನ ತಾಯಿ, ಸುಂದರಾಬಾಯಿ. ಅವಳು ಕಾಲು ತೊಳೆಯುವುದರಲ್ಲಿ ಒಂದು ಹಿಕಮತ್ತಿತ್ತು. ಬಲಗಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ತಲೆ ಎತ್ತಿ, ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಕಾಶ್ಯಾಗ ಇಳಿದ ಕೂಡ್ಲೆ ಮೊದಲ ಏನ್ ಕಾಣ್ತು? ಖರೇ ಹೇಳ್ರಿ.” ಉತ್ತರ ಮನಸ್ಸಿಗೆ ಬರುವವರೆಗೆ ಕಾಲು ಬಿಡುತ್ತಿರಲಿಲ್ಲ. ಒಂಟಿ ಕಾಲಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತವರಿಗೆ ಬೇರೆ ದಾರಿಯೂ ಇರಲಿಲ್ಲ. ದೇವರ ದರ್ಶನ ಹೇಗಾಯಿತು, ಎಷ್ಟು ಮುಳುಗು ಹಾಕಿದಿರಿ, ಇವೆಲ್ಲ ಅವಳಿಗೆ ಬೇಕಿರಲಿಲ್ಲ. ಅವೆಲ್ಲ ಎಲ್ಲರಿಗೂ ಒಂದೇ ಥರ ಇರುತ್ತವೆ ಎನ್ನುತ್ತಿದ್ದಳು.

ದಂಡೋತಿಯ ಒಬ್ಬ ಮುದುಕ ರೈತ ಬಹಳ ಹೊತ್ತು ನಾಚಿಕೊಂಡು ನಿಂತ. ಕೊನೆಗೆ, “ಎಮ್ಮಿ ಕಾಣ್ತ್ರಿ ಯವ್ವಾ. ಅಂಥಾ ದೊಡ್ಡ ಊರಿಗಿ ಹೋಗಿ ನಾ ಎಮ್ಮಿ ನೋಡ್ದೆ. ಒಂದೊಂದೇ ಪಾವಟಗಿ ಇಳಕೋತ ಹೊಳಿಗಿ ಹೊಂಟಿತ್ತು, ಮನಿ ಮಗಳಂಗ,” ಎಂದ. ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ ಆ ಕಾಲನ್ನು ಇನ್ನೊಮ್ಮೆ ತೊಳೆದಳು. ಕೊಡ್ಲಿಯಿಂದ ಬಂದ ಒಬ್ಬ ವಿಧವೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಕಟಗಿ ಕಾಣ್ತ್ರಿ. ಓಣಿ ತುಂಬ ಮಾಳಗಿ ಎತ್ತರ ಕಟಗಿ. ಯಾರದೋ ದೊಡ್ಡ ಮನೆತನದ ಲಗ್ನ ಇರಬೇಕು, ಅಡಗಿಗಿ ಒಟ್ಟ್ಯಾರ ಅನಕೊಂಡೆ. ಯಾರ ಮನಿದು ಅಂತ ಕೇಳ್ದೆ ಸೈತ.” ಹಿಂದೆಯೇ ಒಂದು ಹೆಣ ಬಂದಾಗಲೇ ಅವಳಿಗೆ ಆ ಕಟ್ಟಿಗೆ ಯಾತಕ್ಕೆಂದು ತಿಳಿದದ್ದು. ಅಜ್ಜಿ ನಗಲಿಲ್ಲ, ಅಳಲೂ ಇಲ್ಲ. ಆ ಹೆಂಗಸಿನ ಪಾದವನ್ನು ತನ್ನ ಸೆರಗಿನಿಂದ ಒರೆಸಿದಳು.

ಚಿತ್ತಾಪುರದ ಒಬ್ಬ ಮಾಸ್ತರರು, ಅಪ್ಪನ ಗೆಳೆಯರು, ಕಾಶಿಯೆಂದರೆ ಮೋಕ್ಷದ ಬಾಗಿಲು, ಅಲ್ಲಿ ಕಾಲಿಟ್ಟ ಕೂಡಲೇ ರೋಮಾಂಚನವಾಯಿತು ಎಂದು ಶುರು ಮಾಡಿದರು. ಅಜ್ಜಿ ಕಾಲು ಬಿಡಲಿಲ್ಲ. “ಅದು ಪುಸ್ತಕದಾಗಿಂದು ಮಾಸ್ತರ. ನಿಮ್ಮ ಕಣ್ಣಿಗಿ ಏನ್ ಬಿತ್ತು, ಅದನ್ನ ಹೇಳ್ರಿ.” ಮಾಸ್ತರರು ಎರಡು ಸಲ ಕೆಮ್ಮಿದರು. ನನ್ನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು. ಆಮೇಲೆ ದನಿ ಇಳಿಸಿ, ತಮ್ಮಷ್ಟೇ ವಯಸ್ಸಿನ ಒಬ್ಬ ಮನುಷ್ಯ ಕ್ಷೌರಿಕನ ಮುಂದೆ ಕೂತು ತಲೆ ಬೋಳಿಸಿಕೊಳ್ಳುತ್ತಾ ಬಿಕ್ಕಿಬಿಕ್ಕಿ ಅಳುತ್ತಿದ್ದ, ಕ್ಷೌರಿಕ ಕತ್ತಿ ಎತ್ತಿ ಹಿಡಿದು ಅವನು ಅತ್ತು ಮುಗಿಸಲೆಂದು ಕಾಯುತ್ತಿದ್ದ ಎಂದರು. ಅಜ್ಜಿ “ಹಾಂ” ಎಂದು ಕಾಲು ಬಿಟ್ಟಳು.

ಹೀಗೆ ಕೂಡಿಟ್ಟ ಕಾಶಿ ಒಂದು ಅವಳ ಹತ್ತಿರ ಇತ್ತು. ಹಪ್ಪಳ ಒಣಹಾಕುವಾಗ, ತೊಗರಿ ಬೇಳೆ ಹಸನು ಮಾಡುವಾಗ ಅದನ್ನು ನನಗೆ ಹೇಳುತ್ತಿದ್ದಳು. ಅವಳ ಕಾಶಿಯಲ್ಲಿ ಕಟ್ಟಿಗೆಯ ಓಣಿ ದಾಟಿದರೆ ಕ್ಷೌರಿಕನ ಕಟ್ಟೆ, ಅಲ್ಲಿಂದ ಕೆಳಗೆ ಎಮ್ಮೆ ಇಳಿಯುವ ಮೆಟ್ಟಿಲು. ರಾವೂರಿನ ಕಲ್ಲುಗಣಿಯವನೊಬ್ಬ ಆ ಮೆಟ್ಟಿಲು ನಮ್ಮ ಫರ್ಸಿಯಲ್ಲ, ಕೆಂಪು ಕಲ್ಲು, ಸವೆದು ನಡು ತಗ್ಗಾಗಿದೆ ಎಂದು ಹೇಳಿದ ಮೇಲೆ ಅವಳ ಕಾಶಿಯ ಮೆಟ್ಟಿಲೂ ಕೆಂಪಾಗಿ ಸವೆದವು. ತಾನು ಇಳಿದಾಗ ಮೊದಲು ಏನು ಕಂಡೀತು ಎನ್ನುವುದೇ ಅವಳ ಜೀವಮಾನದ ಕುತೂಹಲ. ಆದರೆ ಅಜ್ಜನಿಗೆ ಪಾರ್ಶ್ವವಾಯು ಬಡಿದು ಅವರು ನಡುಮನೆಯ ಮಂಚ ಹಿಡಿದಿದ್ದರು. ಅವರನ್ನು ಬಿಟ್ಟು ಒಂದು ದಿನವೂ ಅವಳು ಹೊರಗೆ ಇರುವಂತಿರಲಿಲ್ಲ. ಅಜ್ಜ ಹೋಗುವ ಹೊತ್ತಿಗೆ ನಾನು ಕಾಲೇಜು ಮುಗಿಸಿದ್ದೆ, ಅಜ್ಜಿಯ ಕಣ್ಣಿಗೆ ಕಾಚಬಿಂದು ಬಂದಿತ್ತು. ಡಾಕ್ಟರು ತಡವಾಯಿತು ಎಂದರು. ಒಂದೇ ವರ್ಷದಲ್ಲಿ ಅವಳಿಗೆ ಪೂರ್ತಿ ಕಾಣದಾಯಿತು.

ಕಾಶಿಯಲ್ಲಿ ಪ್ರಿಯವಾದದ್ದೊಂದನ್ನು ಬಿಟ್ಟು ಬರುವ ಪದ್ಧತಿ ನಿಮಗೂ ಗೊತ್ತಿರಬಹುದು. ಒಂದು ಹಣ್ಣೋ, ಒಂದು ಕಾಯಿಪಲ್ಯವೋ, ಗಂಗೆಯಲ್ಲಿ ಬಿಟ್ಟೆ ಎಂದು ಹೇಳಿ ಬಂದರೆ ಸಾಯುವ ತನಕ ಅದನ್ನು ಮುಟ್ಟುವಂತಿಲ್ಲ. ಸೇಡಮ್ಮಿನ ನಮ್ಮ ದೊಡ್ಡ ಅತ್ತೆ ಹಾಗಲಕಾಯಿ ಬಿಟ್ಟು ಬಂದಿದ್ದಳು, ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಇಟ್ಟವಳೇ ಅಲ್ಲ. ಅಜ್ಜಿ ಅವಳನ್ನು ವರ್ಷಗಟ್ಟಲೆ ಕಾಡಿದಳು. “ಗಂಗವ್ವಗ ಟೋಪಿ ಹಾಕಿ ಬಂದೀದಿ ನೀ. ಬಿಡೂದಂದ್ರ ಜೀವಕ್ಕ ಹತ್ತಿದ್ದು ಬಿಡಬೇಕು,” ಎನ್ನುತ್ತಿದ್ದಳು. ಅತ್ತೆ ನಗುತ್ತಿದ್ದಳು, ನಾವೂ ನಗುತ್ತಿದ್ದೆವು.

ನನಗೆ ನೌಕರಿ ಸಿಕ್ಕ ವರ್ಷ ಅಜ್ಜಿಯನ್ನು ಕಾಶಿಗೆ ಕರೆದುಕೊಂಡು ಹೋದೆ. ಕಣ್ಣಿಲ್ಲದವಳಿಗೆ ಕಾಶಿ ಯಾಕೆ ಎಂದು ಬೀಗರಲ್ಲಿ ಕೆಲವರು ಅಂದರು. “ಸುಧಿ ಕಣ್ಣು ಅದಾವಲ್ಲ,” ಎಂದಳು ಅಜ್ಜಿ, ನನ್ನ ಕೈ ಹಿಡಿದು. ದಾರಿಯುದ್ದಕ್ಕೂ ಅವಳು ಮಲಗಲಿಲ್ಲ. ಕಿಟಕಿಯ ಪಕ್ಕ ಕೂತು ಪ್ರತಿ ಸ್ಟೇಷನ್ನಿನ ಹೆಸರು ಕೇಳಿದಳು, ಮಡಿಲಲ್ಲಿ ಭಕ್ರಿಯ ಗಂಟು ಇಟ್ಟುಕೊಂಡು. ನಾವು ಇಳಿದಾಗ ಬೆಳಿಗ್ಗೆ ಎಂಟು ಗಂಟೆ ಇರಬೇಕು. ಸ್ಟೇಷನ್ನಿನ ಹೊರಗೆ ಬಂದ ಮೇಲೆ ಗದ್ದಲ ಕಿವಿ ಒಡೆಯುವಂತಿತ್ತು. ಕಾದಿರಿಸಿದ ಲಾಡ್ಜಿನವರು ಫೋನು ಎತ್ತುತ್ತಿರಲಿಲ್ಲ. ಆಟೋದವನೊಬ್ಬ ಆ ಲಾಡ್ಜು ಮುಚ್ಚಿದೆ ಎನ್ನುತ್ತಿದ್ದ, ಇನ್ನೊಬ್ಬ ನನ್ನ ಬ್ಯಾಗಿಗೆ ಕೈ ಹಾಕಿದ್ದ. ನಾನು ಮೊಬೈಲಿನಲ್ಲಿ ದಾರಿ ಹುಡುಕುತ್ತಿದ್ದೆ. ಅಜ್ಜಿ ನನ್ನ ಮೊಣಕೈ ಹಿಡಿದಿದ್ದಳು. ಅವಳ ಹಿಡಿತ ಬಿಗಿಯಾಯಿತು.

“ಸುಧಿ, ಒಂದು ಗಳಿಗಿ ನಿಂದ್ರು. ಮೊದಲ ಏನ್ ಕಾಣಲಿಕತ್ತದ?”

“ಏನಿಲ್ಲಜ್ಜಿ. ಬರೇ ಮಂದಿ. ನಡಿ,” ಎಂದೆ.

ಅವಳು ಹೆಜ್ಜೆ ಕೀಳಲಿಲ್ಲ. ನಾನು ಇನ್ನೇನಾದರೂ ಹೇಳಬಹುದು ಎಂದು ಮುಖವನ್ನು ನನ್ನ ಕಡೆಗೆ ಎತ್ತಿ ಹಿಡಿದಿದ್ದಳು. ನಾನು ಫೋನಿನಿಂದ ತಲೆ ಎತ್ತಲಿಲ್ಲ. ಆಮೇಲೆ “ಹೌದಾ” ಎಂದು ನಡೆದಳು.

ಲಾಡ್ಜು ಸಿಕ್ಕಿತು. ಸ್ನಾನ, ಊಟ ಎಲ್ಲ ಆದ ಮೇಲೆ ನಾನು ಮಾಡಿದ್ದು ಏನೆಂದು ನನಗೆ ಹೊಳೆಯಿತು. ಸಂಜೆ ಘಾಟಿನಲ್ಲಿ ಕೂತು ಅವಳಿಗೆ ಎಲ್ಲವನ್ನೂ ವರ್ಣಿಸಿದೆ. ದೀಪಗಳ ಸಾಲು, ನೀರಿನಲ್ಲಿ ಅವುಗಳ ಬೆಳಕು, ದೋಣಿಗಳು, ಹೂವಿನ ದೊನ್ನೆಗಳು. ಒಂದು ಎಮ್ಮೆಯನ್ನೂ ಸೇರಿಸಿದೆ, ಅಲ್ಲಿ ಎಮ್ಮೆ ಇರಲಿಲ್ಲ. ಅಜ್ಜಿ ಚಿತ್ತಾಪುರದ ಮಾಸ್ತರರ ಮೋಕ್ಷದ ಮಾತು ಕೇಳಿದ ಹಾಗೆಯೇ ಕೇಳಿಸಿಕೊಂಡಳು. ಅದು ಪುಸ್ತಕದಾಗಿಂದು ಎಂದು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಭಾಳ ಛಲೋ ಅದ,” ಎಂದಳು, ಪರರ ಮನೆಯ ಅಡುಗೆಗೆ ಹೇಳುವಂತೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿಸಿದ ಪುರೋಹಿತರು ಏನು ಬಿಡುತ್ತೀರಿ ಎಂದು ಕೇಳಿದರು. ತೆಲುಗು ಸೀಮೆಯ ಅಂಚಿನಲ್ಲಿ ಬಾಳಿದ ಅಜ್ಜಿಗೆ ಅವರ ಹರಕು ತೆಲುಗು ತಿಳಿಯಿತು. ಅವಳು ನೀರೊಳಗಿನ ಮೆಟ್ಟಿಲ ಮೇಲೆ ಕೂತು ಅದರ ನಡುವನ್ನು ಅಂಗೈಯಿಂದ ಸವರಿದಳು, ತಗ್ಗಾಗಿದೆಯೇ ಎಂದು ನೋಡುವಂತೆ. ಬೊಗಸೆಯಲ್ಲಿ ನೀರು ಎತ್ತಿ ತುಟಿಯಲ್ಲೇ ಏನೋ ಅಂದು ಬಿಟ್ಟಳು. ಏನು ಬಿಟ್ಟೆ ಎಂದರೆ ಹೇಳಲಿಲ್ಲ.

ವಾಡಿಗೆ ಬಂದಾಗ ಅಮ್ಮ ಅವಳನ್ನು ಅದೇ ಚಪ್ಪಡಿಯ ಮೇಲೆ ನಿಲ್ಲಿಸಿ ಕಾಲು ತೊಳೆದಳು. ಇಷ್ಟು ವರ್ಷ ಊರಿಗೆಲ್ಲ ಕೇಳಿದವಳನ್ನು ಕೇಳುವ ಸರದಿ ಎಂದು ಅಮ್ಮನಿಗೆ ಉಮೇದು. ಅಜ್ಜಿಯ ಹಾಗೆಯೇ ಕಾಲು ಗಟ್ಟಿಯಾಗಿ ಹಿಡಿದು, “ಮೊದಲ ಏನ್ ಕಾಣ್ತ್ರಿ ಅತ್ಯಾ?” ಎಂದಳು. ಅಜ್ಜಿ ತಡಮಾಡಲಿಲ್ಲ. “ಏನಿಲ್ಲ. ಬರೇ ಮಂದಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಸಿಕ್ಕಿದ್ದು ಅದು, ಅದನ್ನು ಖರೇ ಹೇಳಿದಳು ಅಷ್ಟೇ. ನಾನು ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಮನೆಯವರೆಲ್ಲ ಅವಳ ತಾಟಿನ ಮೇಲೆ ಕಣ್ಣಿಟ್ಟರು. ಪುಂಡಿಪಲ್ಯ ಬಿಟ್ಟಿರಬೇಕು ಎಂದು ಅಮ್ಮ, ಸೀತಾಫಲ ಎಂದು ಅಪ್ಪ. ಅವಳು ಪುಂಡಿಪಲ್ಯ ತಿಂದಳು. ಸೀತಾಫಲದ ಕಾಲ ಬಂದಾಗ ಅದನ್ನೂ ತಿಂದಳು. ಬದನೆಕಾಯಿ, ಬಾಳೆಹಣ್ಣು, ಎಲ್ಲವೂ ಆಯಿತು. “ಏನೂ ಬಿಟ್ಟಂಗ ಕಾಣಂಗಿಲ್ಲಲ್ಲ,” ಎಂದು ಅಮ್ಮ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. ಅಜ್ಜಿಯೂ ಗಂಗವ್ವನಿಗೆ ಟೋಪಿ ಹಾಕಿದಳೆಂದು ಸೇಡಮ್ಮಿನ ಅತ್ತೆಗೆ ಹೇಳಿ ನಗಬೇಕೆಂದು ನಾನೂ ಅಂದುಕೊಂಡಿದ್ದೆ.

ಬೇಸಿಗೆಯ ರಜೆಯಲ್ಲಿ ನಾನು ವಾಡಿಯಲ್ಲಿದ್ದಾಗ ಚಿಂಚೋಳಿ ಕಡೆಯ ಒಬ್ಬ ಹೆಂಗಸು ಕಾಶಿ ಮುಗಿಸಿ ಬಂದಳು, ನಮ್ಮ ಯಾತ್ರೆಯ ನಂತರ ನಮ್ಮಲ್ಲಿ ಇಳಿದವರಲ್ಲಿ ಅವಳೇ ಮೊದಲಿನವಳು. ಹೋಗುವಾಗಲೇ ನಮ್ಮ ಮನೆಯ ಪ್ರಶ್ನೆಯ ಬಗ್ಗೆ ಕೇಳಿಕೊಂಡು ಹೋಗಿದ್ದವಳು. ಮಧ್ಯಾಹ್ನದ ಬಿಸಿಲು, ಚಪ್ಪಡಿ ಕಾದಿತ್ತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಕೂತಳು. ನಾನು ನೀರು ಹಾಕಿದೆ, ಆ ವಾಸನೆ ಎದ್ದಿತು. ಅಜ್ಜಿ ಕೈಯಿಂದ ತಡವಿ ಬಲಗಾಲು ಹಿಡಿದಳು, ಬೆರಳ ಸಂದಿಯನ್ನೆಲ್ಲ ತೊಳೆದಳು, ಬಿಟ್ಟಳು. ಎಡಗಾಲು ಹಿಡಿದಳು, ತೊಳೆದಳು, ಬಿಟ್ಟಳು. ಏನೂ ಕೇಳಲಿಲ್ಲ. ಆ ಹೆಂಗಸು ಒಳಗೆ ಹೋಗಲಿಲ್ಲ. ಬಲಗಾಲನ್ನು ಮತ್ತೆ ಮುಂದೆ ಚಾಚಿ ಕಾದಳು. ಹಾದಿಯುದ್ದಕ್ಕೂ ಕಾಪಾಡಿಕೊಂಡು ತಂದ ಉತ್ತರವೊಂದು ಅವಳ ಬಾಯಲ್ಲೇ ಇತ್ತು.

“ಒಳಗ ಬರ್ರಿ ಯವ್ವಾ, ಕಾಲು ಸುಡ್ತಾವ,” ಎಂದಳು ಅಜ್ಜಿ.

ಅವಳು ಒಳಗೆ ಹೋದ ಮೇಲೆ ನಾನು ಅಜ್ಜಿಯ ಪಕ್ಕ ಕುಕ್ಕರಿಸಿದೆ. ಯಾಕೆ ಕೇಳಲಿಲ್ಲ ಎಂದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. “ಅದನ್ನ ಅಲ್ಲೇ ಬಿಟ್ಟು ಬಂದೀನವ್ವ,” ಎಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, “ನೀ ಮನಸಿಗಿ ಹಚ್ಕೋಬ್ಯಾಡ. ಏನರೆ ಒಂದು ಬಿಡಲೇಬೇಕಾಗಿತ್ತು,” ಎಂದಳು.

ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅಪ್ಪ ನಿವೃತ್ತರಾದರು, ಮನೆಯ ಮಾಲೀಕರು ಮನೆ ಕೆಡವಿ ಅಂಗಡಿ ಕಟ್ಟಿದರು. ಆ ಫರ್ಸಿಗಳನ್ನು ಯಾರೋ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರಂತೆ, ಯಾವ ಊರಿಗೆ ಎಂದು ಯಾರಿಗೂ ನೆನಪಿಲ್ಲ. ನಾನು ಇನ್ನೊಮ್ಮೆ ಕಾಶಿಗೆ ಹೋಗಿ ಬಂದೆ. ಅದೇ ಸ್ಟೇಷನ್ನಿನ ಹೊರಗೆ ನಿಂತು ಅವತ್ತು ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಏನಿರಬಹುದು ಎಂದು ಬಹಳ ಯೋಚಿಸಿದೆ. ಎಷ್ಟು ಯೋಚಿಸಿದರೂ ಮೊಬೈಲಿನ ಪರದೆ, ಅದರ ಮೇಲೆ ದಾರಿ ತೋರಿಸುವ ಒಂದು ನೀಲಿ ಗೆರೆ, ಅಷ್ಟೇ ನೆನಪಾಗುತ್ತದೆ. ಮರಳಿ ಬಂದಾಗ ನನ್ನ ಕಾಲು ತೊಳೆಯುವವರು ಯಾರೂ ಇರಲಿಲ್ಲ. ನಾನೇ ನಲ್ಲಿ ತಿರುಗಿಸಿ ತೊಳೆದುಕೊಂಡೆ, ನಮ್ಮ ಮನೆಯ ಬಾಗಿಲಲ್ಲಿ ಟೈಲ್ಸ್ ಇದೆ, ಅದು ಎಷ್ಟು ಕಾದರೂ ನೀರು ಬಿದ್ದರೆ ವಾಸನೆ ಬರುವುದಿಲ್ಲ.