ಒಂದೇ ಗಂಟಲಿನ ಸಿನಿಮಾ

ನಾನು ಸೋವಿಯತ್ ದೇಶದಲ್ಲಿ ಐದು ವರ್ಷ ಇಂಜಿನಿಯರಿಂಗ್ ಓದಿದವನು. ಅಲ್ಲಿ ಭಾರತದವನೆಂದರೆ ಸಾಕು, ಹಿಂದಿ ಸಿನಿಮಾದ ನೆಂಟನೆಂದೇ ಲೆಕ್ಕ. ಟ್ರಾಮಿನಲ್ಲಿ ಮುದುಕಿಯರು ತಡೆದು ನಿಲ್ಲಿಸಿ ಹಾಡು ಹೇಳು ಅನ್ನುತ್ತಿದ್ದರು. ದಾವಣಗೆರೆಯಿಂದ ಹೋದ ನನಗೆ ಹಿಂದಿ ಎಲ್ಲಿಂದ ಬರಬೇಕು? ಯಾವುದೋ ಕನ್ನಡ ಹಾಡು ಹೇಳಿ, ಚಪ್ಪಾಳೆ ಗಿಟ್ಟಿಸಿ ಇಳಿದುಬಿಡುತ್ತಿದ್ದೆ. ನಿಜ ಹೇಳಿದರೆ ಅವರ ಮುಖ ಬಾಡುತ್ತದೆ ಅನ್ನುವುದು ನೆಪ. ನನಗೂ ಆ ಮರ್ಯಾದೆ ಬೇಕಾಗಿತ್ತು.

ಮುಂದೆ ಕಂಪ್ಯೂಟರ್ ಕೆಲಸದ ಸುಗ್ಗಿಯ ಕಾಲದಲ್ಲಿ ನ್ಯೂಜೆರ್ಸಿಗೆ ಬಂದೆ. ಬಾಸ್ಕಿಂಗ್ ರಿಡ್ಜಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಾಕೆ ರಷ್ಯದವಳು. ನಾವಿಬ್ಬರೂ ರಷ್ಯನ್ನಿನಲ್ಲೇ ಮ್ಯಾನೇಜರನನ್ನು ಬೈದುಕೊಳ್ಳುತ್ತಿದ್ದೆವು. ಒಂದು ದಿನ ಊಟದ ಹೊತ್ತಿನಲ್ಲಿ ಆಕೆ ಒಂದು ಉಪಕಾರ ಕೇಳಿದಳು. ಓಲ್ಡ್ ಬ್ರಿಡ್ಜಿನ ಮನೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹಿಂದೆ ತಮ್ಮೂರ ಕಾರ್ಖಾನೆಯ ಕ್ಲಬ್ಬಿನಲ್ಲಿ ನೋಡಿದ್ದ ಒಂದು ಹಿಂದಿ ಸಿನಿಮಾವನ್ನು ಇನ್ನೊಮ್ಮೆ ನೋಡಬೇಕೆಂದು ಅವರ ಹಟ. ಕ್ಯಾಸೆಟ್ಟು ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತ್ತು. ಅರ್ಥ ಹೇಳುವವರು ಬೇಕಿತ್ತು.

ಆ ಕ್ಲಬ್ಬುಗಳ ಪದ್ಧತಿ ನನಗೆ ಗೊತ್ತು. ಪರದೆಯ ಪಕ್ಕ ಒಬ್ಬ ಮೈಕು ಹಿಡಿದು ಕೂತು ನಾಯಕ, ಖಳ, ತಾಯಿ ಎಲ್ಲರ ಮಾತನ್ನೂ ಒಂದೇ ಗಂಟಲಿನಲ್ಲಿ, ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಓದುತ್ತಿದ್ದ. ಜನ ಅದನ್ನು ಕೇಳಿಯೇ ಗೊಳೋ ಎಂದು ಅಳುತ್ತಿದ್ದರು. ಆ ಕೆಲಸ ಈಗ ನನ್ನದು.

ಇನ್ನೊಂದು ವಿಷಯವನ್ನೂ ಅವಳು ದನಿ ತಗ್ಗಿಸಿ ಹೇಳಿದಳು. ಅವಳ ತಮ್ಮ ಸೈನಿಕನಾಗಿ ಅಫ್ಘಾನಿಸ್ತಾನಕ್ಕೆ ಹೋದವನು ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆಯಲ್ಲಿ ಬಂದ. ತೆರೆಯಕೂಡದೆಂದು ಆಜ್ಞೆ. ಒಳಗಿರುವುದು ತನ್ನ ಮಗನೇ ಅಲ್ಲವೆಂದು ತಾಯಿ ಹೂಳುವಾಗಲೂ ದೂರ ನಿಂತರಂತೆ. ಆ ಚಳಿಗಾಲದಲ್ಲೇ ಕ್ಲಬ್ಬಿಗೆ ಈ ಸಿನಿಮಾ ಬಂತು. ಅದರ ಕೊನೆಯಲ್ಲಿ ಮಗ ತಾಯಿಯ ತೊಡೆಯ ಮೇಲೆ ಸಾಯುತ್ತಾನೆ. ಮೈಕಿನವನು ಊರವನೇ. ಪ್ರೇಕ್ಷಕರ ನಡುವೆ ಗೆಳತಿಯ ತಾಯಿಯನ್ನು ಕಂಡು, ಹುಡುಗನಿಗೆ ಎಚ್ಚರ ತಪ್ಪಿದೆ ಅಷ್ಟೆ, ಬದುಕುತ್ತಾನೆ ಎಂದು ಹೇಳಿಬಿಟ್ಟ. ನೀನೂ ಹಾಗೆಯೇ ಹೇಳಬೇಕು ಎಂದಳು ಗೆಳತಿ. ನಾನು ಒಪ್ಪಿಕೊಂಡೆ.

ಹೆಂಡತಿಗೆ ಹೇಳಿದರೆ ನಕ್ಕಳು. "ಅಲ್ರೀ, ಎಡಿಸನ್ ಅಂಗಡೀಲಿ ಹಿಂದೀಲಿ ಕೊತ್ತಂಬರಿ ಕೇಳೋಕೂ ನನ್ನೇ ಮುಂದೆ ಬಿಡ್ತೀರ. ನೀವು ಟ್ರಾನ್ಸ್‌ಲೇಟ್ ಮಾಡೋದಾ?" ಸಿನಿಮಾ ತಾನೇ, ಮುಖ ನೋಡಿದರೆ ಅರ್ಥವಾಗುತ್ತೆ ಎಂದು ಜಂಬ ಕೊಚ್ಚಿದೆ.

ಭಾನುವಾರ ಮಧ್ಯಾಹ್ನ ಅವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅರ್ಧ ಊಹೆ, ಅರ್ಧ ಕಟ್ಟುಕತೆ, ಅಂತೂ ಎರಡೂವರೆ ಗಂಟೆ ಹೇಗೋ ತಳ್ಳಿದೆ. ಅಜ್ಜಿ ಹಾಡುಗಳಿಗೆ ಬೆರಳಲ್ಲಿ ತಾಳ ಹಾಕಿದರು. ಕೊನೆಯ ದೃಶ್ಯ ಬಂತು. ತಾಯಿ ಮಗನ ತಲೆ ಸವರುತ್ತಾ ಮೆಲ್ಲಗೆ ಮಾತಾಡುತ್ತಲೇ ಇದ್ದಳು. "ಬೇಟಾ" ಅನ್ನುವುದು ಬಿಟ್ಟರೆ ಒಂದಕ್ಷರ ನನಗೆ ತಿಳಿಯಲಿಲ್ಲ. ಎಚ್ಚರ ತಪ್ಪಿದೆ ಅಷ್ಟೆ, ಬದುಕುತ್ತಾನೆ ಎಂದು ಒಪ್ಪಿಸಿದೆ.

ಅಜ್ಜಿ ಕೈಯೆತ್ತಿದರು. ಮಗಳು ಟೇಪು ನಿಲ್ಲಿಸಿದಳು.

"ಅಲ್ಲಿಯ ಮೈಕಿನವನೂ ಇದನ್ನೇ ಹೇಳಿದ್ದ," ಎಂದರು ಅಜ್ಜಿ. " ಸುಳ್ಳೆಂದು ನನಗೆ ಆವತ್ತೇ ಗೊತ್ತಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗಾಗಿ ಎಲ್ಲರೂ ಸುಮ್ಮನೆ ಕೂತಿದ್ದರು. ಸತ್ತ ಮಗನಿಗೆ ಆ ತಾಯಿ ಏನು ಹೇಳುತ್ತಾಳೆ? ಅಷ್ಟು ಹೇಳು. ನಾನು ನನ್ನವನಿಗೆ ಏನೂ ಹೇಳದೆ ಕಳಿಸಿದೆ."

ಮಗಳು ಕಿಟಕಿಯ ಕಡೆ ತಿರುಗಿದಳು. ಅಷ್ಟು ನಾಚಿಕೆ, ಅಷ್ಟು ಅಸಹಾಯಕತೆ ನನಗೆ ಹಿಂದೆಂದೂ ಆಗಿರಲಿಲ್ಲ. ಕನ್ನಡದಲ್ಲಾದರೂ ನನ್ನಮ್ಮ ಏನು ಹೇಳುತ್ತಿದ್ದಳೆಂದು ಯೋಚಿಸಿದೆ. ಅದೂ ಹೊಳೆಯಲಿಲ್ಲ.

"ನನಗೆ ಹಿಂದಿ ಬರುವುದಿಲ್ಲ ಅಮ್ಮಾ," ಎಂದೆ.

ಅವರು ನಂಬಲಿಲ್ಲ. "ನೀನೂ ಆ ಮೈಕಿನವನ ಹಾಗೆಯೇ, ಒಳ್ಳೆಯವನು," ಎಂದು ನನ್ನ ಕೈ ತಟ್ಟಿ, ಗೋಡೆಯ ಕಡೆಗೆ ಮಗ್ಗುಲಾದರು.